ಕೆಂಪಿಯ ಸಿಟ್ಟು, ಚಿನ್ನಿಯ ಅಂಜಿಕೆ

ರಾತ್ರಿ ಹತ್ತರ ಹೊತ್ತಿಗೆ ರಾಜಗೋಪಾಲನಗರದ ನಮ್ಮ ಕ್ರಾಸ್‌ನಲ್ಲಿ ಎರಡು ಬಗೆಯ ಜನ ಎದುರುಬದುರಾಗುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವವರು, ನೈಟ್ ಶಿಫ್ಟ್‌ಗೆಂದು ಊಟದ ಡಬ್ಬಿ ಹಿಡಿದು ಹೊರಟವರು. ಲೇತ್ ಅಂಗಡಿಗಳ ಷಟರ್ ಬಿದ್ದಿರುತ್ತದೆ. ಕೋಳಿ ಅಂಗಡಿ ತೊಳೆದ ನೀರು ಮೋರಿ ಸೇರುತ್ತಿರುತ್ತದೆ. ಬೀದಿದೀಪದ ಕೆಳಗೆ ಐದಾರು ನಾಯಿ ಮೈಚಾಚಿ ಮಲಗಿರುತ್ತವೆ. ಅವುಗಳಲ್ಲಿ ಒಂದೆರಡರ ಕಣ್ಣು ಯಾವಾಗಲೂ ತೆರೆದೇ ಇರುತ್ತದೆ.

ಹಾಗೆ ಕಣ್ಣು ತೆರೆದು ಮಲಗುವವಳು ಕೆಂಪಿ. ಹೆಸರಿಟ್ಟವರು ಲೇತ್ ಅಂಗಡಿಯ ಹುಡುಗರು. ಕೆಲವು ವರ್ಷದ ಹಿಂದೆ, ಸಂಕ್ರಾಂತಿ ಇನ್ನೂ ಎರಡು ದಿನ ಇದೆ ಎನ್ನುವಾಗ, ಆ ಅಂಗಡಿಯ ಪಕ್ಕದ ಸಂದಿಯಲ್ಲಿ ಅವಳು ಮರಿ ಹಾಕಿದಳು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಸುರುಳಿ ಚೂರು ತುಂಬಿದ ಡ್ರಮ್ಮು, ನಡುವೆ ಎಣ್ಣೆ ಹೀರಿ ಕಪ್ಪಾದ ಗೋಣಿಚೀಲ. ಅದರ ಮೇಲೆ ಐದು ಮರಿ. ಕಣ್ಣು ಬಿಟ್ಟಿರಲಿಲ್ಲ.

ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ ಗಾರ್ಮೆಂಟ್ಸ್ ಹುಡುಗಿಯೊಬ್ಬಳು ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದಳು. ಬೇಕರಿಯಲ್ಲಿ ಐದು ರೂಪಾಯಿಯ ಬಿಸ್ಕತ್ ಪೊಟ್ಟಣ ಕೊಂಡರೆ ಅದರಲ್ಲಿ ಎರಡು ಕೆಂಪಿಗೆ. ಆವತ್ತು ಬೆಳಗ್ಗೆ ಕಾರ್ಖಾನೆ ಬಸ್ಸಿಗೆ ಹೊತ್ತಾಯಿತೆಂದು ಸಂದಿಯ ಬಾಯಿಗೆ ಒತ್ತಿಕೊಂಡೇ ಓಡಿದಳು. ಕೆಂಪಿ ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ. ಮೀನಖಂಡಕ್ಕೆ ಬಾಯಿ ಹಾಕಿದಳು.

ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಕಾಲು ಗಂಟೆ ತೊಳೆಸಿದೆ. ಹಲ್ಲು ಇಳಿದ ಎರಡು ಗುಳಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಹುಡುಗಿಗೆ ನೋವಿಗಿಂತ ಬೇಜಾರೇ ಹೆಚ್ಚು. "ದಿನಾ ಬಿಸ್ಕತ್ ಹಾಕ್ತಿದ್ದೆ ಕಣಕ್ಕ ಇದಕ್ಕೆ. ನನ್ನನ್ನೇ ಕಚ್ಚಿಬಿಡ್ತಲ್ಲ" ಅಂತ ಅತ್ತಳು. ಲೇತ್ ಅಂಗಡಿಯ ಯಜಮಾನರು ದೂರದಿಂದಲೇ ಹೇಳಿದರು: "ಮರಿ ಓಡಾಡೋ ತನಕ ಇದು ಹಿಂಗೇ ಕಣಮ್ಮ. ಒಂದೂವರೆ ತಿಂಗಳು ಆ ಕಡೆ ಹೋಗ್ಬೇಡ." ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ಲೆಕ್ಕ ಹಾಕಿ ಸೂಜಿ ಹಾಕಿಸಿದೆವು. ಆ ನಾಲ್ಕು ದಿನವೂ ಅವಳಿಗೆ ಅರ್ಧ ದಿನದ ಸಂಬಳ ಹೋಯಿತು. ನಾಯಿ ಕಡಿತದ ಅಂಕಿಅಂಶದಲ್ಲಿ ಈ ಅರ್ಧ ದಿನಗಳು ಎಲ್ಲೂ ಬರುವುದಿಲ್ಲ.

ಮರಿಗಳು ತಾಯಿಯನ್ನು ಬಿಟ್ಟ ಮೇಲೆ ಕೆಂಪಿಗೆ ಮುಂದೆ ಮರಿಯಾಗದಂತೆ ಆಪರೇಷನ್ ಆಯಿತು. ಕಿವಿಯ ತುದಿಗೆ ಕತ್ತರಿ ಬಿದ್ದ ಗುರುತಿನೊಡನೆ ಅದೇ ಕ್ರಾಸ್‌ಗೆ ತಂದು ಬಿಟ್ಟರು. ಅಲ್ಲಿಂದೀಚೆಗೆ ಅವಳು ಯಾರನ್ನೂ ಕಚ್ಚಿಲ್ಲ.

ಈ ಕತೆ ಇಲ್ಲಿಗೇ ಮುಗಿದಿದ್ದರೆ ನಾನೂ ಎಲ್ಲರ ಹಾಗೆ "ಆಪರೇಷನ್ ಮಾಡ್ಸಿದ್ರೆ ನಾಯಿ ಸಮಾಧಾನ ಆಗುತ್ತೆ" ಅಂತ ಹೇಳಿಕೊಂಡು ಇರುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಚಿನ್ನಿ ಇದ್ದಳು.

ಚಿನ್ನಿಯನ್ನು ಲಗ್ಗೆರೆ ಕಡೆಯ ಒಂದು ಖಾಲಿ ಸೈಟಿನಿಂದ ತಂದದ್ದು. ಮಳೆಯಲ್ಲಿ ತೊಯ್ದು ಸಿಮೆಂಟ್ ಪೈಪಿನೊಳಗೆ ಒಂಟಿಯಾಗಿ ಕೂತಿತ್ತು. ಮನೆಯವರ ಹತ್ತಿರ ಬೆಣ್ಣೆ. ಗೇಟಿನ ಹತ್ತಿರ ಗ್ಯಾಸ್ ಸಿಲಿಂಡರಿನವರೋ ಕೊರಿಯರ್‌ನವರೋ ಬಂದರೆ ಮಾತ್ರ ಬಾಲ ಕಾಲ ಸಂದಿಗೆ ಸೇರಿಸಿ, ಹಿಂದೆ ಹಿಂದೆ ಸರಿಯುತ್ತಲೇ ಕಿರುಚುವ ಹಾಗೆ ಬೊಗಳುತ್ತಿತ್ತು. ಎಂಟು ತಿಂಗಳಿಗೆ ಆಪರೇಷನ್ ಮಾಡಿಸಿದೆವು. ಈ ಬೊಗಳುವ ಚಾಳಿಯೂ ಅದರ ಜೊತೆಗೇ ಹೋಗುತ್ತದೆ ಅಂತ ನನಗೆ ಖಾತ್ರಿಯಿತ್ತು. ಗಾಯ ಮಾಯಿತು, ಹೊಲಿಗೆ ಬಿಚ್ಚಿದರು, ನಾಲ್ಕು ತಿಂಗಳು ಕಳೆಯಿತು. ಮೊದಲು ಹಿಂದೆ ಸರಿದು ಬೊಗಳುತ್ತಿದ್ದವಳು ಈಗ ಮುಂದೆ ನುಗ್ಗಿ ಬೊಗಳಲು ಶುರುಮಾಡಿದಳು. ಅದು ಆಪರೇಷನ್ನಿನಿಂದ ಆಯಿತೋ, ವಯಸ್ಸು ಏರಿದ್ದರಿಂದ ಆಯಿತೋ, ಒಂದು ನಾಯಿಯನ್ನು ನೋಡಿ ಹೇಳಲು ಬರುವುದಿಲ್ಲ. ಸಮಾಧಾನವಂತೂ ಆಗಲಿಲ್ಲ.

ಒಂದೇ ಆಪರೇಷನ್, ಎರಡು ನಾಯಿ, ಎರಡು ಫಲ. ಇದರ ಜಾಡು ಹಿಡಿದು ನಾನು ಪಶುವೈದ್ಯರನ್ನು ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ಹೋದೆ. ತಿಳಿದುಕೊಂಡದ್ದನ್ನು ಹೇಳಬೇಕೆಂದರೆ ನಾಯಿಯ ಒಡಲಿನ ಕ್ಯಾಲೆಂಡರಿನಿಂದ ಶುರುಮಾಡಬೇಕು.

ಸಾಕಿದ ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಸುಮಾರು ಮೂರು ವಾರ. ಮೊದಲ ಒಂಬತ್ತು ಹತ್ತು ದಿನ ರಕ್ತಸ್ರಾವ, ಈಸ್ಟ್ರೋಜನ್ ಏರುವ ಹೊತ್ತು. ಗಂಡು ಹಿಂದೆ ಬೀಳುತ್ತದೆ, ಹೆಣ್ಣು ಹತ್ತಿರ ಸೇರಿಸುವುದಿಲ್ಲ, ತಿರುಗಿ ಕಚ್ಚುತ್ತದೆ. ಆಮೇಲಿನ ಒಂಬತ್ತು ಹತ್ತು ದಿನ ಒಪ್ಪುವ ಕಾಲ. ಅದು ಮುಗಿದ ಮೇಲೆ, ಬಸುರಾಗಲಿ ಆಗದಿರಲಿ, ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಆಳ್ವಿಕೆ. ನಾಯಿಯಲ್ಲಿ ಇದೊಂದು ವಿಶೇಷ. ಬಸುರಾಗದ ನಾಯಿಯ ಒಡಲೂ ಬಸುರಿನ ಲೆಕ್ಕದಲ್ಲೇ ನಡೆಯುತ್ತದೆ. ಎರಡು ತಿಂಗಳ ಕೊನೆಗೆ ಪ್ರೊಜೆಸ್ಟರಾನ್ ಇಳಿದು ಪ್ರೊಲ್ಯಾಕ್ಟಿನ್ ಏರಿದಾಗ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಕೆಲವು ನಾಯಿಗಳ ಮೊಲೆಯಲ್ಲಿ ಹಾಲು ಕಾಣಿಸುತ್ತದೆ. ಮಂಚದ ಕೆಳಗೆ ಹಳೆ ಬಟ್ಟೆ ಎಳೆದುಕೊಂಡು ಗೂಡು ಮಾಡುತ್ತವೆ. ಚಪ್ಪಲಿಯನ್ನೋ ಮಗುವಿನ ಗೊಂಬೆಯನ್ನೋ ಮರಿ ಅಂದುಕೊಂಡು ಹೊಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತವೆ. ಅದನ್ನು ತೆಗೆಯಲು ಹೋದವರ ಕೈಗೆ ಬಾಯಿ ಹಾಕುತ್ತವೆ. ಹುಸಿ ಬಸುರು ಅಂದರೆ ಇದು. "ಇಷ್ಟು ದಿನ ಸರಿಯಾಗಿತ್ತು, ಇದ್ದಕ್ಕಿದ್ದಂತೆ ಮನೆಯವರಿಗೇ ಕಚ್ಚೋಕೆ ಬಂತು" ಎನ್ನುವ ದೂರುಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿರುತ್ತದೆ. ಬೆದೆ ಯಾವಾಗ ಮುಗಿಯಿತೆಂದು ಎಣಿಸಿ ನೋಡಿದರೆ ಲೆಕ್ಕ ಎರಡು ತಿಂಗಳಿಗೆ ಬಂದು ನಿಲ್ಲುತ್ತದೆ.

ಬೀದಿ ನಾಯಿಯ ಕ್ಯಾಲೆಂಡರು ಬೇರೆ. ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. ಕಾರ್ತಿಕ ಮಾಸದ ನಾಯಿಗಳು ಎಂಬ ಮಾತು ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ದೇಶದ ಬೀದಿ ನಾಯಿಗಳು ಹೆಚ್ಚಾಗಿ ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ಮೇಲೆ ಕೂಡುತ್ತವೆ. ಬಸುರು ಅರವತ್ತಮೂರು ದಿನ. ಕಾರ್ತಿಕಕ್ಕೆ ಎರಡು ತಿಂಗಳು ಕೂಡಿಸಿದರೆ ಧನುರ್ಮಾಸ, ಸಂಕ್ರಾಂತಿ. ಕೆಂಪಿ ಮರಿ ಹಾಕಿದ್ದು ಪಂಚಾಂಗ ನೋಡಿ ಹಾಕಿದ ಹಾಗೇ ಇತ್ತು.

ಈ ಕ್ಯಾಲೆಂಡರಿಗೂ ಜನರಿಗೆ ಬೀಳುವ ಕಡಿತಕ್ಕೂ ಇರುವ ನಂಟನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದು ಜೈಪುರ. ಅಲ್ಲಿ ಹೆಲ್ಪ್ ಇನ್ ಸಫರಿಂಗ್ ಎಂಬ ಸಂಸ್ಥೆ 1990ರ ದಶಕದ ನಡುಭಾಗದಿಂದ ಬೀದಿ ನಾಯಿಗಳನ್ನು ಹಿಡಿದು, ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡುತ್ತ ಬಂತು. ಅದರಲ್ಲೂ ಹೆಣ್ಣು ನಾಯಿಗಳಿಗೇ ಒತ್ತು. ಪಶುವೈದ್ಯರಾದ ಜಾಕ್ ರೀಸ್, ಸುನಿಲ್ ಚಾವ್ಲಾ ಮತ್ತು ಅವರ ಜೊತೆಗಾರರು ಅಲ್ಲಿನ ಆಸ್ಪತ್ರೆಗೆ ಬಂದ ನಾಯಿ ಕಡಿತದ ದಾಖಲೆಗಳನ್ನು ವರ್ಷಗಟ್ಟಲೆ ಜೋಡಿಸಿ 2013ರಲ್ಲಿ 'ವೆಟರಿನರಿ ರೆಕಾರ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಸಂಗತಿ ಎದ್ದು ಕಂಡವು. 1990ರ ದಶಕದುದ್ದಕ್ಕೂ ಏರುತ್ತಲೇ ಇದ್ದ ಕಡಿತ 2000ದ ದಶಕದ ಮೊದಲ ಕೆಲವು ವರ್ಷಗಳ ನಂತರ ಇಳಿಯತೊಡಗಿತ್ತು. ಜೊತೆಗೆ, ನಾಯಿಗಳು ಕೂಡುವ ಋತು ಮುಗಿದು ಎರಡು ಮೂರು ತಿಂಗಳಿಗೆ, ಅಂದರೆ ಸರಿಯಾಗಿ ಮರಿಗಳಿರುವ ಕಾಲಕ್ಕೆ, ಪ್ರತಿ ವರ್ಷ ಕಡಿತ ಹೆಚ್ಚುತ್ತಿತ್ತು. ಮರಿ ಕಾಯುವ ತಾಯಿಯ ಸಿಟ್ಟೇ ಇದಕ್ಕೆ ಕಾರಣವಿರಬೇಕೆಂದು ಅವರು ಬರೆದರು. ನಮ್ಮ ಲೇತ್ ಅಂಗಡಿಯ ಯಜಮಾನರು ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ.

ಆ ತಾಯಿಗೆ ಸಿಟ್ಟು ಯಾಕೆ ಅಷ್ಟು ಅಂತ ಕೇಳುವವರಿಗೆ ಇನ್ನೊಂದು ಅಧ್ಯಯನವಿದೆ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿಯಲ್ಲಿ ಹುಟ್ಟಿದ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ವರದಿ ಮಾಡಿತು. ಏಳು ತಿಂಗಳು ತುಂಬುವ ತನಕ ಬದುಕಿದ್ದು ನೂರಕ್ಕೆ ಹತ್ತೊಂಬತ್ತು. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಕಾರಣ ಮನುಷ್ಯರು: ವಾಹನ, ವಿಷ, ಹೊಡೆತ, ಎತ್ತಿಕೊಂಡು ಹೋಗುವುದು. ಸಂದಿಯ ಬಾಯಲ್ಲಿ ಸರಿದು ಹೋಗುವ ಕಾಲಿನ ಬಗ್ಗೆ ಕೆಂಪಿಗಿದ್ದ ಅನುಮಾನ ಆಧಾರವಿಲ್ಲದ್ದಲ್ಲ. ಅವಳ ಐದರಲ್ಲಿ ಎರಡು ಟೆಂಪೊ ಚಕ್ರಕ್ಕೆ ಹೋದವು. ಒಂದು ವಾಂತಿ ಭೇದಿಯಲ್ಲಿ ಹೋಯಿತು. ಒಂದನ್ನು ಹೆಗ್ಗನಹಳ್ಳಿಯವರು ಸಾಕಲು ಒಯ್ದರು. ಇನ್ನೊಂದು ಏನಾಯಿತೋ ಗೊತ್ತಾಗಲಿಲ್ಲ.

ಆಪರೇಷನ್ನಿನಲ್ಲಿ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ಅಲ್ಲಿಗೆ ಈ ಕ್ಯಾಲೆಂಡರು ನಿಂತಿತು. ಬೆದೆಯಿಲ್ಲ, ಹಿಂದೆ ಬೀಳುವ ಗಂಡುಗಳ ಹಿಂಡಿಲ್ಲ, ಹುಸಿ ಬಸುರಿಲ್ಲ, ಕಾಯಲು ಮರಿಯಿಲ್ಲ. ಈ ನಾಲ್ಕರಿಂದ ಹುಟ್ಟುವ ಕಚ್ಚಾಟಕ್ಕೆ ಆಪರೇಷನ್ ಸರಿಯಾದ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಬೆದೆಗೆ ಬಂದ ಒಂದು ಹೆಣ್ಣಿನ ಹಿಂದೆ ಏಳೆಂಟು ಗಂಡು ಸುತ್ತುತ್ತ ಇಡೀ ಬೀದಿ ರಣರಂಗವಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಜಗಳದ ನಡುವೆ ಸಿಕ್ಕಿಬೀಳುವುದು ನೈಟ್ ಶಿಫ್ಟ್‌ನಿಂದ ಬರುವ ಬೈಕು, ಹಾಲಿನ ಬೂತಿಗೆ ಹೊರಟ ಮುದುಕರು, ಟ್ಯೂಷನ್ನಿಗೆ ಹೋಗುವ ಮಕ್ಕಳು. ಒಂದು ಹೆಣ್ಣಿಗೆ ಆಪರೇಷನ್ ಆದರೆ ಏಳೆಂಟು ಗಂಡುಗಳ ಗಲಾಟೆಯೂ ಆ ಬೀದಿಯಿಂದ ಹೋಗುತ್ತದೆ.

ಬೆಂಗಳೂರಿನಲ್ಲಿ ಇದು ಲೆಕ್ಕಕ್ಕೂ ಸಿಗುವ ಮಾತು. ಆಗಿನ ಬಿಬಿಎಂಪಿ 2023ರಲ್ಲಿ ನಡೆಸಿದ ಗಣತಿಯಲ್ಲಿ ನಗರದ ಬೀದಿ ನಾಯಿಗಳು 2.79 ಲಕ್ಷ. 2019ರಲ್ಲಿ 3.10 ಲಕ್ಷ ಇದ್ದವು. ಆಪರೇಷನ್ ಆದವುಗಳ ಪಾಲು ಅದೇ ನಾಲ್ಕು ವರ್ಷದಲ್ಲಿ ನೂರಕ್ಕೆ 51ರಿಂದ ಸುಮಾರು 72ಕ್ಕೆ ಏರಿತ್ತು. ನಮ್ಮ ರಾಜಗೋಪಾಲನಗರವನ್ನು ಒಳಗೊಂಡ ದಾಸರಹಳ್ಳಿ ವಲಯದಲ್ಲಿ ಸುಮಾರು 21 ಸಾವಿರ, ಮಹದೇವಪುರ ವಲಯದಲ್ಲಿ 58 ಸಾವಿರ. ಈ ಗಣತಿಯಲ್ಲಿ ನನ್ನ ಕಣ್ಣು ನಿಂತದ್ದು ಬೇರೊಂದು ಸಾಲಿನ ಮೇಲೆ. ಗಂಡು 1.65 ಲಕ್ಷ, ಹೆಣ್ಣು 82 ಸಾವಿರ ಚಿಲ್ಲರೆ, ಉಳಿದವು ಗುರುತು ಹಿಡಿಯಲಾಗದವು. ಎರಡು ಗಂಡಿಗೆ ಒಂದು ಹೆಣ್ಣು. ಮರಿ ಹುಟ್ಟುವುದೂ, ಕಾರ್ತಿಕದ ಜಗಳವೂ, ಸಂಕ್ರಾಂತಿಯ ಕಡಿತವೂ ಈ 82 ಸಾವಿರದ ಸುತ್ತಲೇ ತಿರುಗುತ್ತವೆ. ವಾರಕ್ಕೊಮ್ಮೆ ಬರುವ ನಾಯಿ ಹಿಡಿಯುವ ಗಾಡಿ ಕೈಗೆ ಸಿಕ್ಕ ಗಂಡುಗಳನ್ನೇ ತುಂಬಿಕೊಂಡು ಹೋದರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಬೀದಿಯಲ್ಲಿ ಬದಲಾವಣೆ ಕಾಣುವುದಿಲ್ಲ. ಹೆಣ್ಣು ನಾಯಿ ಚಾಲಾಕು, ಬಲೆ ಕಂಡರೆ ಮೊದಲು ಓಡುವುದು ಅದೇ. ದಿನಾ ಅನ್ನ ಹಾಕುವವರು ಜೊತೆಯಲ್ಲಿ ನಿಂತು ಹಿಡಿಸಿಕೊಡದೆ ಅದು ಸಿಗುವುದಿಲ್ಲ. ಕೆಂಪಿಯನ್ನು ಹಿಡಿಸಿಕೊಟ್ಟದ್ದು ಕಚ್ಚಿಸಿಕೊಂಡ ಆ ಹುಡುಗಿಯೇ. ಬಿಸ್ಕತ್ ತೋರಿಸಿ ಹತ್ತಿರ ಕರೆದು ಕೊರಳು ತಬ್ಬಿ ಕೂತಳು. ಬಲೆ ಬಿದ್ದಾಗ ಕೆಂಪಿಗಿಂತ ಜೋರಾಗಿ ಅತ್ತವಳೂ ಅವಳೇ.

ಇನ್ನು ಚಿನ್ನಿಯ ವಿಷಯ.

ಚಿನ್ನಿಯ ಬೊಗಳಿಕೆ ಗರ್ಭಕೋಶದಿಂದ ಬಂದದ್ದಲ್ಲ, ಅಂಜಿಕೆಯಿಂದ ಬಂದದ್ದು. ಅಂಜಿಕೆಯ ಬೇರು ಅಂಡಾಶಯದಲ್ಲಿ ಇಲ್ಲ. ಮರಿಯಾಗಿದ್ದಾಗ ಮೂರನೇ ವಾರದಿಂದ ಮೂರನೇ ತಿಂಗಳವರೆಗೆ ಏನೇನು ಕಂಡಿತು, ಎಷ್ಟು ಜನರ ಕೈ ಹಿತವಾಗಿ ಮುಟ್ಟಿತು, ಎಷ್ಟು ಸಲ ಕಲ್ಲು ಬಿತ್ತು ಎನ್ನುವುದರಲ್ಲಿದೆ. ಅದನ್ನು ಆಪರೇಷನ್ ಟೇಬಲ್ಲಿನ ಮೇಲೆ ತೆಗೆಯಲು ಬರುವುದಿಲ್ಲ.

ತೆಗೆಯಲು ಬರುವುದಿಲ್ಲ ಅಷ್ಟೇ ಆಗಿದ್ದರೆ ಸರಿ. ಕೆಲವು ನಾಯಿಗಳಲ್ಲಿ ಸ್ವಲ್ಪ ಹೆಚ್ಚಲೂಬಹುದೆಂದು ಹೊರದೇಶಗಳ ಅಧ್ಯಯನಗಳು ಮೂವತ್ತು ವರ್ಷಕ್ಕೂ ಹಿಂದಿನಿಂದ ಹೇಳುತ್ತಿವೆ. 1990ರಲ್ಲಿ ಬ್ರಿಟನ್ನಿನ ಓ'ಫ್ಯಾರೆಲ್ ಮತ್ತು ಪೀಚಿ ಆಪರೇಷನ್ ಆದ 150 ಹೆಣ್ಣು ನಾಯಿಗಳನ್ನು ಆಗದ 150ರ ಜೊತೆ ಹೋಲಿಸಿದರು. ಮನೆಯವರ ಮೇಲೇ ಏರಿ ಬರುವ ಸ್ವಭಾವ ಆಪರೇಷನ್ ಆದವುಗಳಲ್ಲಿ ಹೆಚ್ಚಾಗಿತ್ತು. ಎಲ್ಲದರಲ್ಲೂ ಅಲ್ಲ. ಒಂದು ವರ್ಷದೊಳಗಿನ, ಆಪರೇಷನ್ನಿಗೆ ಮೊದಲೇ ಸಿಟ್ಟಿನ ಲಕ್ಷಣ ತೋರಿಸಿದ್ದ ನಾಯಿಗಳಲ್ಲಿ ಅದು ಎದ್ದು ಕಂಡಿತ್ತು. 2006ರಲ್ಲಿ ಕೊರಿಯಾದಲ್ಲಿ ಜರ್ಮನ್ ಶೆಫರ್ಡ್ ಹೆಣ್ಣುಗಳ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ, ಅಪರಿಚಿತರು ಎದುರಾದಾಗ ಆಪರೇಷನ್ ಆದ ನಾಯಿಗಳೇ ಹೆಚ್ಚು ಕೆರಳಿದವು. 2018ರಲ್ಲಿ ಫರ್ಹೂದಿ ಮತ್ತು ಸಂಗಡಿಗರು ಹದಿಮೂರು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಒಡೆಯರು ತುಂಬಿಕೊಟ್ಟ ಪ್ರಶ್ನಾವಳಿಗಳನ್ನು ಪರಿಶೀಲಿಸಿದರು. ಮನೆಯವರ ಮೇಲಿನ ಸಿಟ್ಟಿನಲ್ಲಾಗಲಿ ಬೇರೆ ನಾಯಿಗಳ ಮೇಲಿನ ಸಿಟ್ಟಿನಲ್ಲಾಗಲಿ ಆಪರೇಷನ್ನಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಏಳರಿಂದ ಹನ್ನೆರಡು ತಿಂಗಳ ನಡುವೆ ಆಪರೇಷನ್ ಆದವುಗಳಲ್ಲಿ ಮಾತ್ರ ಅಪರಿಚಿತರ ಮೇಲಿನ ಸಿಟ್ಟು ಒಂಚೂರು ಹೆಚ್ಚಿತ್ತು. ಚಿನ್ನಿಗೆ ಎಂಟು ತಿಂಗಳು ಎಂದು ನೆನಪಾಗಿ ಆ ಪುಟದ ಮೇಲೆ ನಾನು ತುಂಬ ಹೊತ್ತು ಕೂತಿದ್ದೆ.

ಈ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಸಿಡುಕು ನಾಯಿಗೇ ಜನ ಮೊದಲು ಆಪರೇಷನ್ ಮಾಡಿಸುತ್ತಾರೆ. ಆಮೇಲೆ ಲೆಕ್ಕ ಹಾಕಿದರೆ ಆಪರೇಷನ್ ಆದವುಗಳಲ್ಲಿ ಸಿಡುಕು ಹೆಚ್ಚು ಅಂತ ಕಾಣುವುದು ಸಹಜ. ಛತ್ರಿ ಹಿಡಿದವರೆಲ್ಲ ಒದ್ದೆಯಾಗಿದ್ದಾರೆ ಎಂದು ಛತ್ರಿಯಿಂದ ಮಳೆ ಬಂತು ಎನ್ನಲಾಗದು. ಇದರ ಜೊತೆಗೆ ಇವೆಲ್ಲ ಮನೆಯಲ್ಲಿ ಬೆಳೆದ, ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ನಾಯಿಗಳು. ಪೀಣ್ಯದ ಗಲ್ಲಿಯ ನಾಯಿಗೆ ಇವನ್ನು ಇದ್ದ ಹಾಗೇ ಅನ್ವಯಿಸಿ, "ಆಪರೇಷನ್ ಮಾಡಿಸಿದರೆ ನಾಯಿ ಕೆರಳುತ್ತದೆ, ಮಾಡಿಸಬಾರದು" ಎನ್ನುವುದು ತಪ್ಪು. ಇತ್ತೀಚೆಗೆ ಆ ಮಾತೂ ಕಿವಿಗೆ ಬೀಳುತ್ತಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೆಚ್ಚುವುದೇ ಆದರೆ ಯಾಕೆ ಹೆಚ್ಚಬಹುದು? ಒಂದು ವಿವರಣೆ ಪ್ರೊಜೆಸ್ಟರಾನಿನ ಕಡೆಗೆ ಬೊಟ್ಟು ಮಾಡುತ್ತದೆ. ಆ ಹಾರ್ಮೋನು ದೇಹದಲ್ಲಿ ಕರಗಿ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗುತ್ತದೆ, ಅದು ಮೆದುಳಿನ ಮೇಲೆ ತಣ್ಣಗಿನ ಕೈ ಇಟ್ಟ ಹಾಗೆ ಕೆಲಸ ಮಾಡುತ್ತದೆ. ಅಂಡಾಶಯ ತೆಗೆದರೆ ಆ ತಂಪು ಒಮ್ಮೆಲೇ ನಿಂತುಹೋಗುತ್ತದೆ. ಆತಂಕವೇ ಇಲ್ಲದ ನಾಯಿಗೆ ಇದು ಗೊತ್ತೂ ಆಗುವುದಿಲ್ಲ. ಮೊದಲೇ ಅಂಜಿಕೊಂಡಿರುವ ನಾಯಿಗೆ ಗೊತ್ತಾಗಬಹುದು. ಈ ಕಾರಣಕ್ಕೇ ಬೆದೆ ಮುಗಿದ ಕೂಡಲೇ, ಅಥವಾ ಹುಸಿ ಬಸುರಿನ ನಡುವೆ ಆಪರೇಷನ್ ಬೇಡ ಎಂದು ವೈದ್ಯರು ಹೇಳುವುದು. ಪ್ರೊಜೆಸ್ಟರಾನ್ ಏಕಾಏಕಿ ಬಿದ್ದು ಪ್ರೊಲ್ಯಾಕ್ಟಿನ್ ಏರಿದರೆ, ಹಾಲು, ಗೂಡು, ಗೊಂಬೆ ಕಾಯುವ ಸಿಟ್ಟು ಎಲ್ಲ ಆಪರೇಷನ್ ಆದ ಮೇಲೂ ವಾರಗಟ್ಟಲೆ ಎಳೆಯಬಹುದು. ಬೆದೆ ಮುಗಿದು ಎರಡು ಮೂರು ತಿಂಗಳಾಗಿ, ಮೊಲೆ ಒಣಗಿ, ಒಡಲು ಶಾಂತವಾದ ಹೊತ್ತು ಸರಿಯಾದ ಹೊತ್ತು. ಮನೆಯಲ್ಲಿ ನಾಯಿ ಸಾಕಿದವರು ಬೆದೆ ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಆ ಒಂದು ತಾರೀಖು ವೈದ್ಯರಿಗೆ ಅರ್ಧ ಕೆಲಸ ಕಡಿಮೆ ಮಾಡುತ್ತದೆ.

ಒಂದೇ ಮನೆಯಲ್ಲಿ ಎರಡು ಹೆಣ್ಣು ನಾಯಿ ಕಚ್ಚಾಡುವುದು ಇನ್ನೊಂದು ದೊಡ್ಡ ಗೋಳು. ಗಂಡು ಗಂಡಿನ ಜಗಳಕ್ಕಿಂತ ಹೆಣ್ಣು ಹೆಣ್ಣಿನ ಜಗಳ ಹಟದ್ದು ಎನ್ನುವುದು ಎರಡು ನಾಯಿ ಸಾಕಿದವರ ಅನುಭವ. ಅಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಜಗಳ ಬೆದೆಯ ಆಸುಪಾಸಿನಲ್ಲಿ ಮಾತ್ರವೋ, ವರ್ಷವಿಡೀ ಉಂಟೋ? ಬೆದೆಯ ಹೊತ್ತಿಗೆ ಮಾತ್ರ ಎಂದಾದರೆ ಆಪರೇಷನ್ನಿನಿಂದ ಉಪಯೋಗವಿದೆ. ತಟ್ಟೆಗೆ, ಸೋಫಾಗೆ, ಯಜಮಾನರ ತೊಡೆಗೆ ದಿನಾ ಜಗಳವಾದರೆ ತಟ್ಟೆ ಬೇರೆ ಮಾಡಬೇಕು, ಜಾಗ ಬೇರೆ ಮಾಡಬೇಕು, ಪಾಠ ಹೇಳಿಕೊಡುವವರನ್ನು ಹುಡುಕಬೇಕು.

ಹಾಗಾದರೆ ಚಿನ್ನಿಗೆ ಆಪರೇಷನ್ ಮಾಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿದೆಯೇ ಎಂದರೆ, ಇಲ್ಲ. ವಯಸ್ಸಾದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ರೋಗವಿದೆ. ಆಪರೇಷನ್ ಆಗದ ನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಹತ್ತು ವರ್ಷದೊಳಗೆ ಅದು ಬರುತ್ತದೆಂದು ಸ್ವೀಡನ್ನಿನ ವಿಮಾ ದಾಖಲೆಗಳು ತೋರಿಸಿವೆ. ಚಿನ್ನಿಗೆ ಅದು ಬರುವುದಿಲ್ಲ. ಮೊಲೆಯ ಗೆಡ್ಡೆಯ ಭಯವೂ ಕಡಿಮೆ. ತೂಕ ಏರುವುದು, ಕೆಲವು ನಾಯಿಗೆ ನಿದ್ದೆಯಲ್ಲಿ ಮೂತ್ರ ಸೋರುವುದು ಮುಂತಾದ ಕಷ್ಟಗಳೂ ಉಂಟು, ಆದರೂ ತಕ್ಕಡಿ ಆಪರೇಷನ್ನಿನ ಕಡೆಗೇ ವಾಲುತ್ತದೆ. ನನ್ನ ತಪ್ಪು ಇದ್ದದ್ದು ಬೇರೆ ಕಡೆ. ಅಂಜಿಕೆಗೆ ಮಾಡಬೇಕಾದ ಕೆಲಸವನ್ನು ಆಪರೇಷನ್ನಿನ ಮೇಲೆ ಹೊರಿಸಿ ಎಂಟು ತಿಂಗಳು ಸುಮ್ಮನೆ ಕೂತೆ. ಆಮೇಲೆ ಆ ಕೆಲಸ ಶುರುಮಾಡಿದೆ. ಸಿಲಿಂಡರಿನ ಅಣ್ಣ ಗೇಟಿನಿಂದ ದೂರ ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೇಯಿಸಿದ ಕೋಳಿಯ ಚೂರು ಒಳಗೆ ಎಸೆದು ಹೋಗುವುದು. ವಾರಕ್ಕೊಂದು ಹೆಜ್ಜೆ ಹತ್ತಿರ. ಅವರಿಗೆ ನೂರು ಮನೆಯ ಕೆಲಸವಿರುತ್ತದೆ, ಆದರೂ ಮಾಡಿದರು. ಒಂದೂವರೆ ವರ್ಷ ಹಿಡಿಯಿತು. ಈಗ ಚಿನ್ನಿ ಅವರ ಗಾಡಿಯ ಸದ್ದಿಗೆ ಬಾಲ ಅಲ್ಲಾಡಿಸುತ್ತಾಳೆ. ಕೊರಿಯರಿನವರಿಗೆ ಈಗಲೂ ಬೊಗಳುತ್ತಾಳೆ, ಅವರು ದಿನಕ್ಕೊಬ್ಬರು ಬರುತ್ತಾರೆ.

ಕೆಂಪಿ, ಚಿನ್ನಿಯರ ಈ ವ್ಯತ್ಯಾಸ ಮನೆಯ ಮಾತಾಗಿ ಉಳಿದಿಲ್ಲ, ನ್ಯಾಯಾಲಯದವರೆಗೂ ಹೋಗಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಹಿಡಿದ ಬೀದಿ ನಾಯಿಗಳಿಗೆ ಆಪರೇಷನ್ ಮತ್ತು ಲಸಿಕೆ ಮಾಡಿ ಅದೇ ಜಾಗಕ್ಕೆ ಬಿಡಬೇಕು, ರೇಬಿಸ್ ಇರುವ ಅಥವಾ ಆಕ್ರಮಣಕಾರಿ ಸ್ವಭಾವದ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಆ 'ಆಕ್ರಮಣಕಾರಿ' ಎನ್ನುವ ಪದ ಬಲು ಭಾರದ್ದು. ಜನರ ಜೀವದ ಪ್ರಶ್ನೆ ಅದರಲ್ಲಿದೆ. ನಮಗೆ ಹತ್ತಿರದ ಜಾಲಹಳ್ಳಿಯ ವಾಯುಪಡೆ ವಸತಿ ಆವರಣದಲ್ಲಿ 2024ರ ಆಗಸ್ಟ್‌ನಲ್ಲಿ ಬೆಳಗಿನ ನಡಿಗೆಗೆ ಹೊರಟ 76 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ನಾಯಿಗಳ ಹಿಂಡಿನ ದಾಳಿಗೆ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಬೀದಿಯ ಅಜ್ಜಿಯರು ಯಾರೂ ಬೆಳಗ್ಗೆ ಹೊರಗೆ ಹೋಗಲಿಲ್ಲ. 2007ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಎರಡು ಮಕ್ಕಳು ಹೀಗೆಯೇ ಹೋದದ್ದನ್ನು ಈ ಊರು ಮರೆತಿಲ್ಲ, ಮರೆಯಲೂಬಾರದು. ಹಿಂಡಾಗಿ ಮನುಷ್ಯರ ಮೇಲೆ ಬೀಳುವ ನಾಯಿಯನ್ನು ಬೀದಿಯಲ್ಲಿ ಇಡಲಾಗದು.

ಆದರೆ ಜನವರಿಯಲ್ಲಿ ಒಂದು ಸಂದಿಯ ಬಾಯಲ್ಲಿ ಒಬ್ಬರ ಕಾಲಿಗೆ ಬಾಯಿ ಹಾಕಿದ ತಾಯಿಯನ್ನೂ ಅದೇ ಪಟ್ಟಿಗೆ ಸೇರಿಸಿ ಜೀವಮಾನವಿಡೀ ಬೋನಿನಲ್ಲಿ ಇಡುವುದಾದರೆ, ಆರೆಂಟು ವಾರದ ಸಿಟ್ಟಿಗೆ ಹತ್ತು ವರ್ಷದ ಶಿಕ್ಷೆ. ಅವಳಿಗೆ ಬೇಕಾದ ಆಪರೇಷನ್ ನಾಯಿ ಹಿಡಿಯುವ ಗಾಡಿಯವರ ಕೈಯಲ್ಲೇ ಇದೆ. ಹಿಡಿಯುವವರು ಕೇಳಬೇಕಾದದ್ದು ಮೂರು ಪ್ರಶ್ನೆ: ಕಚ್ಚಿದ್ದು ಯಾವ ತಿಂಗಳಲ್ಲಿ, ಮೊಲೆಯಲ್ಲಿ ಹಾಲಿದೆಯೇ, ಹತ್ತಿರದಲ್ಲಿ ಮರಿ ಇದೆಯೇ? ಈ ಮೂರಕ್ಕೂ ಉತ್ತರ ಬೀದಿಯವರ ಬಾಯಲ್ಲಿ ಇರುತ್ತದೆ. ಹಾಲಿನ ಬೂತಿನವರು, ಹೂ ಮಾರುವ ಅಮ್ಮ, ಲೇತ್ ಹುಡುಗರು, ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳುವ ಪದ್ಧತಿ ಮಾತ್ರ ಇನ್ನೂ ಬಂದಿಲ್ಲ.

ರೇಬಿಸ್‌ನ ಮಾತು ಹೇಳದೆ ಇದನ್ನು ಬಿಡಲಾಗದು. ರೇಬಿಸ್ ಬಂದ ನಾಯಿಯ ಸಿಟ್ಟಿಗೂ ಆಪರೇಷನ್ನಿಗೂ ಸಂಬಂಧವಿಲ್ಲ. ಜೀವ ಉಳಿಸುವುದು ಆಪರೇಷನ್ ದಿನ ಹಾಕುವ ಲಸಿಕೆ, ಆಮೇಲೆ ವರ್ಷವರ್ಷವೂ ಹಾಕಬೇಕಾದ ಲಸಿಕೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕರ್ನಾಟಕದಲ್ಲಿ 2024ರಲ್ಲಿ ದಾಖಲಾದ ನಾಯಿ ಕಡಿತ 3.6 ಲಕ್ಷ, ರೇಬಿಸ್ ಸಾವು 42. ಕಿವಿ ಕತ್ತರಿಸಿದೆ ಎಂದರೆ ಆ ನಾಯಿಗೆ ಒಂದು ಕಾಲಕ್ಕೆ ಲಸಿಕೆ ಆಗಿತ್ತು ಅಂತ ಅರ್ಥ, ಈಗಲೂ ಇದೆ ಅಂತಲ್ಲ. ಕಿವಿ ನೋಡಿ ಸೂಜಿ ಬಿಡಬೇಡಿ.

ಕೆಂಪಿಗೆ ಈಗ ಮೂತಿ ನೆರೆತಿದೆ. ಈ ಸಲದ ಕಾರ್ತಿಕದಲ್ಲಿ, ಮನೆಮನೆಯ ಹೊಸ್ತಿಲಲ್ಲಿ ದೀಪ ಇಟ್ಟಿದ್ದ ಒಂದು ಸಂಜೆ, ಸುಂಕದಕಟ್ಟೆ ಕಡೆಯಿಂದ ಆರು ಗಂಡುಗಳ ಹಿಂಡು ನಮ್ಮ ಕ್ರಾಸಿಗೆ ನುಗ್ಗಿತು. ಬೇಕರಿ ಮುಂದೆ ಟೀ ಕುಡಿಯುತ್ತಿದ್ದವರು ಮೆಟ್ಟಿಲು ಹತ್ತಿದರು. ಹಿಂಡು ಕೆಂಪಿಯ ಹತ್ತಿರ ಬಂದು ಮೂಸಿತು. ಅವಳು ಮಲಗಿದಲ್ಲಿಂದ ಏಳಲಿಲ್ಲ, ಒಮ್ಮೆ ತುಟಿ ಎತ್ತಿ ಹಲ್ಲು ತೋರಿಸಿ ಮತ್ತೆ ಮುಂಗಾಲಿನ ಮೇಲೆ ಮೂತಿ ಇಟ್ಟಳು. ಹಿಂಡು ಮುಂದಿನ ಕ್ರಾಸಿಗೆ ಹೋಯಿತು. ಅಲ್ಲಿ ಪ್ಲೇಟಿಂಗ್ ಅಂಗಡಿಯ ಮುಂದೆ ಒಂದು ಬಿಳಿ ಹೆಣ್ಣು ಇದೆ, ಇನ್ನೂ ವರ್ಷ ತುಂಬಿರಲಿಕ್ಕಿಲ್ಲ. ಗಾರ್ಮೆಂಟ್ಸ್ ಹುಡುಗಿ ಮರುದಿನ ಬೆಳಗ್ಗೆ ಬಿಸ್ಕತ್ ಪೊಟ್ಟಣ ಹಿಡಿದು ಅಲ್ಲಿಗೆ ಹೋಗಿ ಬಂದಳು. "ಅಕ್ಕಾ, ಅದರ ಕಿವಿ ಎರಡೂ ಪೂರ್ತಿ ಐತೆ" ಅಂದಳು.